ರೋಮಿನಲ್ಲಿ ನೀವು ಯಾರನ್ನು ನೋಡಿದಿರಿ?



'ದೇಶ ಸುತ್ತು, ಕೋಶ ಓದು' ಎಂದರು ನಮ್ಮ ಹಿರಿಯರು. ಈಗ ನಮ್ಮ ಧರ್ಮಕೇಂದ್ರಗಳಿಂದಲೂ ರೋಮಿಗೆ ಹೋಗಿಬರುವವರಿದ್ದಾರೆ. ಕೆಲವರು ಯಾತ್ರಾರ್ಥಿಗಳಾಗಿ ಹೋದರೆ, ಇನ್ನು ಕೆಲವರು ವಿದೇಶದಲ್ಲಿರುವ ಮಕ್ಕಳೊಂದಿಗೆ ರಜೆ ಕಳೆಯಲು ಹೋಗುತ್ತಾರೆ. ಹೊರಡುವಾಗ ಮನಸ್ಸಿನಲ್ಲಿ ಒಂದು ಪ್ರಶ್ನೆ ಚುಚ್ಚುವುದುಂಟು. ಕಣ್ಣಿಗೆ ಚೆಂದದ ನೋಟ, ನಾಲಿಗೆಗೆ ರುಚಿಯಾದ ಊಟ, ಇದಕ್ಕಾಗಿ ಇಷ್ಟೊಂದು ಹಣ ಸುರಿಯುವುದು ಸರಿಯೇ? ಅದನ್ನು ಬಡವರಿಗೆ ಕೊಡಬಹುದಿತ್ತಲ್ಲವೇ?

ಈ ಪ್ರಶ್ನೆ ಹೊಸದಲ್ಲ. ಬೆಥಾನಿಯದಲ್ಲಿ ಮರಿಯ ಬೆಲೆಬಾಳುವ ಸುಗಂಧ ತೈಲವನ್ನು ಪ್ರಭುವಿನ ಪಾದಗಳಿಗೆ ಹಚ್ಚಿದಾಗಲೂ ಇದು ಎದ್ದಿತ್ತು. ಕೇಳಿದವನು ಯೂದ. ಪ್ರಭು ಮರಿಯಳ ಪರವಾಗಿ ನಿಂತರು. ನಿಜ, ಅವಳು ಖರ್ಚು ಮಾಡಿದ್ದು ಪ್ರಭುವಿಗಾಗಿ, ನಾವು ಮಾಡುವುದು ನಮಗಾಗಿ. ಆದರೆ ಕಾನಾ ಊರಿನ ಮದುವೆ ಮನೆಯಲ್ಲಿ ದ್ರಾಕ್ಷಾರಸ ಮುಗಿದಾಗ, 'ನೀರು ಕುಡಿದು ಸುಮ್ಮನಿರಿ' ಎಂದು ಅವರು ಯಾರಿಗೂ ಬುದ್ಧಿ ಹೇಳಲಿಲ್ಲ. ಸಂತೋಷಪಡುವುದು ಪಾಪವಲ್ಲ.

ಹಾಗಾದರೆ ತಪ್ಪು ಇರುವುದೆಲ್ಲಿ? ಧನಿಕ ಮತ್ತು ಲಾಜರನ ಸಾಮತಿಯನ್ನು ನೆನಪು ಮಾಡಿಕೊಳ್ಳಿ. ಆ ಧನಿಕ ಲಾಜರನನ್ನು ಹೊಡೆದನೆಂದಾಗಲಿ, ಬೈದು ಅಟ್ಟಿದನೆಂದಾಗಲಿ ಲೂಕನು ಬರೆದಿಲ್ಲ. ಲಾಜರ ಅವನ ಬಾಗಿಲಲ್ಲೇ ಬಿದ್ದಿದ್ದ, ಧನಿಕನಿಗೆ ಅವನು ಲೆಕ್ಕಕ್ಕೇ ಬರಲಿಲ್ಲ. ದೋಷ ಇದ್ದದ್ದು ತಟ್ಟೆಯಲ್ಲಲ್ಲ, ಕಣ್ಣಿನಲ್ಲಿ.

ಈ ಕಣ್ಣಿನಿಂದಲೇ ರೋಮನ್ನು ನೋಡೋಣ. ಸಂತ ಪೇತ್ರರ ಚೌಕದಲ್ಲಿ ಬೆರ್ನಿನಿ ಕಟ್ಟಿದ ಕಂಬಸಾಲುಗಳಿವೆ. ಒಟ್ಟು 284 ಕಂಬಗಳು. ಧರ್ಮಸಭೆ ತಾಯಿಯಂತೆ ಎರಡೂ ತೋಳು ಚಾಚಿ ಎಲ್ಲರನ್ನೂ ಅಪ್ಪಿಕೊಳ್ಳುತ್ತದೆ ಎಂಬುದು ಅದರ ಅರ್ಥ. ನಾವು ಕತ್ತೆತ್ತಿ ನೋಡುತ್ತೇವೆ, ಫೋಟೋ ತೆಗೆಯುತ್ತೇವೆ. 'ಜೇಬುಗಳ್ಳರಿದ್ದಾರೆ, ಬ್ಯಾಗು ಜೋಪಾನ' ಎಂದು ಗೈಡ್ ಎಚ್ಚರಿಸುತ್ತಾನೆ. ಅದೂ ಬೇಕಾದ ಮಾತೇ. ಆದರೆ ಬ್ಯಾಗಿನ ಚಿಂತೆಯಲ್ಲಿ, ಸಂಜೆಯಾಗುತ್ತಲೇ ಆ ಕಂಬಗಳ ಆಸುಪಾಸಿನಲ್ಲಿ ರಟ್ಟು ಹಾಸಿಕೊಂಡು ಮಲಗುವವರು ನಮಗೆ ಕಾಣದೆ ಹೋಗುತ್ತಾರೆ.

ಪೋಪ್ ಫ್ರಾನ್ಸಿಸರಿಗೆ ಅವರು ಕಂಡರು. 2015ರ ಫೆಬ್ರವರಿಯಲ್ಲಿ ಆ ಕಂಬಸಾಲಿನ ಬಳಿಯೇ ಮನೆಯಿಲ್ಲದವರಿಗೆ ಸ್ನಾನದ ಕೋಣೆಗಳು, ಕ್ಷೌರದ ವ್ಯವಸ್ಥೆ ಶುರುವಾದವು. ಮರುತಿಂಗಳು ಅಂಥ ಸುಮಾರು 150 ಮಂದಿಯನ್ನು ಸಿಸ್ಟೀನ್ ಪ್ರಾರ್ಥನಾಲಯಕ್ಕೆ ಕರೆಸಿ, ಮೈಕೆಲಾಂಜೆಲೊನ ಚಿತ್ರಗಳನ್ನು ತೋರಿಸಿ, ಊಟ ಹಾಕಿ ಕಳುಹಿಸಿದರು. 2019ರಲ್ಲಿ ಚೌಕದ ಪಕ್ಕದ ಪಲಾಜ್ಜೊ ಮಿಲಿಯೋರಿ ಎಂಬ ಅರಮನೆಯಂಥ ಕಟ್ಟಡ ನಿರ್ಗತಿಕರ ವಸತಿಯಾಯಿತು. ಹೋಟೆಲ್ ಮಾಡಿದ್ದರೆ ಕೈತುಂಬ ಬಾಡಿಗೆ ಬರುತ್ತಿದ್ದ ಜಾಗವದು. ಬಡವನಿಗೆ ಅನ್ನ ಮಾತ್ರವಲ್ಲ, ಸೌಂದರ್ಯವೂ ಬೇಕು ಎಂಬುದನ್ನು ನಾವು ಎಷ್ಟು ಬಾರಿ ಯೋಚಿಸಿದ್ದೇವೆ?

ಊಟದ ಮಾತಿಗೆ ಬರೋಣ. ರೋಮಿನ ಟೆಸ್ಟಾಚೊ ಬಡಾವಣೆಯಲ್ಲಿ 1975ರವರೆಗೆ ದೊಡ್ಡ ಕಸಾಯಿಖಾನೆಯೊಂದಿತ್ತು. ಒಳ್ಳೆಯ ಮಾಂಸವೆಲ್ಲ ಉಳ್ಳವರ ಮನೆಗೆ ಹೋಗುತ್ತಿತ್ತು. ಕೂಲಿಯ ಒಂದು ಭಾಗವಾಗಿ ಕೆಲಸಗಾರರಿಗೆ ಸಿಗುತ್ತಿದ್ದುದು ಬೋಟಿ, ಬಾಲ, ಕರುಳು. ಅದಕ್ಕೆ ಅಲ್ಲಿಯವರು ಇಟ್ಟ ಹೆಸರು 'ಐದನೆಯ ಕಾಲುಭಾಗ'. ನಾಲ್ಕು ಕಾಲುಭಾಗ ಹಂಚಿದ ಮೇಲೆ ಉಳಿದದ್ದು ಎಂದರ್ಥ. ಅದನ್ನೇ ಬಡವರ ಮನೆಯ ಹೆಂಗಸರು, ಸಣ್ಣ ಹೋಟೆಲಿನವರು ಗಂಟೆಗಟ್ಟಲೆ ಬೇಯಿಸಿ ರುಚಿಗೊಳಿಸಿದರು. ಟೊಮೆಟೊ ಹಾಕಿ ಮಾಡುವ ಬಾಲದ ಅಡುಗೆ ಇಂದು ಪ್ರವಾಸಿಗರು ಹುಡುಕಿಕೊಂಡು ಹೋಗುವ ತಿನಿಸು. ಒಂದು ಕಾಲದ ಹಸಿವು ಇಂದಿನ ರುಚಿಯಾಗಿದೆ. ಇದನ್ನು ತಿಳಿದು ಉಣ್ಣುವವನ ಊಟದ ಮುಂಚಿನ ಪ್ರಾರ್ಥನೆ ಬೇರೆಯೇ ಆಗಿರುತ್ತದೆ.

ಇನ್ನು 1762ರಲ್ಲಿ ಪೂರ್ಣಗೊಂಡ ಟ್ರೆವಿ ಕಾರಂಜಿ. ಅದಕ್ಕೆ ಬೆನ್ನು ಮಾಡಿ ನಿಂತು, ಭುಜದ ಮೇಲಿಂದ ನಾಣ್ಯ ಎಸೆದರೆ ಮತ್ತೆ ರೋಮಿಗೆ ಬರುತ್ತೇವೆಂಬುದು ನಂಬಿಕೆ. ನಂಬಿಕೆಯ ಮಾತು ಹಾಗಿರಲಿ. ಇತ್ತೀಚಿನ ವರ್ಷಗಳಲ್ಲಿ ಅಲ್ಲಿ ವರ್ಷಕ್ಕೆ ಸುಮಾರು ಹದಿನಾಲ್ಕು-ಹದಿನೈದು ಲಕ್ಷ ಯೂರೋ ಸಂಗ್ರಹವಾಗಿದ್ದು, ರೋಮಿನ ಕಾರಿತಾಸ್ ಸಂಸ್ಥೆ ಅದನ್ನು ಬಡವರ ಸೇವೆಗೆ ಬಳಸಿದೆ. ಬೆನ್ನು ತಿರುಗಿಸಿ ಎಸೆದ ನಾಣ್ಯವೂ ಹಸಿದವರ ಹೊಟ್ಟೆ ತುಂಬುತ್ತದೆ. ಆದರೆ ಎಸೆದವನು ಅವರ ಮುಖ ನೋಡಲೇ ಇಲ್ಲ.

ಮುಖ ನೋಡಿ ಕೊಡುವುದಕ್ಕೂ ರೋಮಿನಲ್ಲಿ ಉದಾಹರಣೆಯಿದೆ. ಟ್ರಾಸ್ಟೆವೆರೆಯ ಸಂತ ಮರಿಯಮ್ಮನವರ ಬೆಸಿಲಿಕದಲ್ಲಿ 1982ರ ಕ್ರಿಸ್ಮಸ್ ದಿನ ಸಂತ್ ಎಜಿದಿಯೊ ಸಮುದಾಯದವರು ಬಡವರನ್ನು ಕರೆದು ದೇವಾಲಯದ ಒಳಗೇ ಮೇಜು ಹಾಕಿ, ಅವರೊಂದಿಗೆ ಕುಳಿತು ಉಂಡರು. ಅಂದು ಬಂದವರು ಇಪ್ಪತ್ತು ಮಂದಿ ಇರಬಹುದು. ಆ ಊಟ ಮುಂದೆ ಅನೇಕ ದೇಶಗಳಿಗೆ ಹರಡಿತು.

ಕಾರ್ಕಳದ ಅತ್ತೂರಿನಲ್ಲಿ ನಾವು ಹರಕೆ ಹೊರುವ ಸಂತ ಲಾರೆನ್ಸರು ಕ್ರಿ.ಶ. 258ರಲ್ಲಿ ಪ್ರಾಣಕೊಟ್ಟದ್ದು ಈ ರೋಮಿನಲ್ಲೇ. ಧರ್ಮಸಭೆಯ ಸಂಪತ್ತನ್ನು ಒಪ್ಪಿಸು ಎಂದು ಅಧಿಕಾರಿ ಗದರಿಸಿದಾಗ ಅವರು ನಗರದ ಬಡವರನ್ನು, ರೋಗಿಗಳನ್ನು ತಂದು ನಿಲ್ಲಿಸಿದರೆಂದು ಪರಂಪರೆ ಹೇಳುತ್ತದೆ. ರೋಮಿನ ಪ್ರೇಕ್ಷಣೀಯ ಸಂಪತ್ತು ಯಾವುದೆಂದು ಅಂದೇ ತೋರಿಸಿಕೊಟ್ಟ ಮಾರ್ಗದರ್ಶಿ ಅವರು.

ಆದ್ದರಿಂದ ಓದುಗರೇ, ಅವಕಾಶವಿದ್ದರೆ ಖಂಡಿತ ಹೋಗಿ. ಕಣ್ತುಂಬ ನೋಡಿ, ಹೊಟ್ಟೆತುಂಬ ಉಣ್ಣಿ. ಬಡಿಸಿದವರಿಗೆ, ಕೋಣೆ ಗುಡಿಸಿದವರಿಗೆ ಕೃತಜ್ಞತೆ ಹೇಳಿ. ಎಲ್ಲರಿಗೂ ಕೊಡಲು ನಮ್ಮಿಂದಾಗದು, ಆದರೆ ಒಬ್ಬರ ಮುಖವನ್ನಾದರೂ ನೋಡಿ ನಮಸ್ಕರಿಸಬಹುದು. ಊರಿಗೆ ಮರಳಿದ ಮೇಲೆ ನೆಂಟರಿಷ್ಟರು 'ಏನೇನು ನೋಡಿದಿರಿ?' ಎಂದು ಕೇಳುತ್ತಾರೆ. 'ಯಾರನ್ನು ನೋಡಿದಿರಿ?' ಎಂದು ಪ್ರಭು ಕೇಳುತ್ತಾರೆ. ಆ ಪ್ರಶ್ನೆಗೆ ಉತ್ತರಿಸಲು ರೋಮಿಗೇ ಹೋಗಬೇಕೆಂದಿಲ್ಲ. ನಮ್ಮ ದೇವಾಲಯದ ಬಾಗಿಲಿನಿಂದಲೇ ಆರಂಭಿಸಬಹುದು.