ಇಂದಿನ ಧಮ್ಮ ಚಿಂತನೆ: ಬಿಟ್ಟು ಹೋಗುವ ಮನೆಯ ಕಸ





ಶಾಲೆ ಶುರುವಾಗುವ ಮುಂಚೆ ಬಾಡಿಗೆ ಮನೆ ಬದಲಾಯಿಸುವ ಕಾಲ ಇದು. ನಮ್ಮ ಬಳಗದಲ್ಲೇ ಮೂರು ಮನೆಯವರು ಸಾಮಾನು ಕಟ್ಟುತ್ತಿದ್ದಾರೆ. ಹಾಗಾಗಿ ಇವತ್ತು ಪೊರಕೆಯ ಮಾತು. ಇದೇನು ಧಮ್ಮದ ವಿಷಯವೇ ಎಂದು ಯಾರಾದರೂ ಕೇಳಿದರೆ, ವಿನಯ ಪಿಟಕ ತೆರೆದು ತೋರಿಸಿ.

ಚುಲ್ಲವಗ್ಗದಲ್ಲಿ ಗಮಿಕ ವತ್ತ ಎಂಬ ಭಾಗವಿದೆ. ವಿಹಾರ ಬಿಟ್ಟು ಹೊರಡುವ ಭಿಕ್ಖು ಏನೇನು ಮಾಡಿ ಹೊರಡಬೇಕು ಎಂಬುದಷ್ಟೇ ಅದರ ವಿಷಯ. ಮರದ ಸಾಮಾನು, ಮಣ್ಣಿನ ಪಾತ್ರೆ ಜೋಡಿಸಿಡಬೇಕು. ಬಾಗಿಲು ಕಿಟಕಿ ಮುಚ್ಚಬೇಕು. ಇದ್ದ ಜಾಗವನ್ನು ಇನ್ನೊಬ್ಬ ಭಿಕ್ಖುವಿಗೆ ಒಪ್ಪಿಸಿ ಹೇಳಿ ಹೋಗಬೇಕು. ಭಿಕ್ಖು ಇಲ್ಲದಿದ್ದರೆ ಸಾಮಣೇರನಿಗೆ, ಅವನೂ ಇಲ್ಲದಿದ್ದರೆ ವಿಹಾರದ ಕೆಲಸದವನಿಗೆ. ಯಾರೂ ಇಲ್ಲವೇ? ಹಾಗಾದರೆ ನಾಲ್ಕು ಕಲ್ಲಿನ ಮೇಲೆ ಮಂಚ ಇಟ್ಟು, ಮಂಚದ ಮೇಲೆ ಮಂಚ, ಪೀಠದ ಮೇಲೆ ಪೀಠ ಪೇರಿಸಿ, ಹಾಸಿಗೆಯನ್ನು ಅದರ ಮೇಲಿಟ್ಟು ಹೋಗಬೇಕು. ಸೂರು ಸೋರುತ್ತಿದ್ದರೆ, ಕೈಲಾದರೆ ಹೊದಿಸಿ ಹೋಗಬೇಕು. ನಾಳೆಯಿಂದ ತಾನು ಮಲಗದ ಸೂರು ಅದು!

ಈ ನಿಯಮದ ಹಿಂದೆ ಒಂದು ಕಥೆ ಇದೆ. ಹದಿನೇಳು ಭಿಕ್ಖುಗಳ ಒಂದು ಗುಂಪು ಹಾಸಿಗೆಯನ್ನು ಹಾಸಿದ ಹಾಗೇ ಬಿಟ್ಟು, ಯಾರಿಗೂ ಹೇಳದೆ ಹೊರಟುಹೋಯಿತು. ಗೆದ್ದಲು ಹತ್ತಿ ಹಾಸಿಗೆ ಹಾಳಾಯಿತು. ಆಗ ಭಗವಾನರು ಅದನ್ನು ಪಾಚಿತ್ತಿಯ ದೋಷವೆಂದು ವಿಧಿಸಿದರು. ಸುಳ್ಳು ಹೇಳುವುದೂ ಅದೇ ಪಾಚಿತ್ತಿಯ ವರ್ಗದಲ್ಲಿದೆ. ಹಾಸಿಗೆ ಸುತ್ತಿಡದೆ ಹೋಗುವುದು ಸಣ್ಣ ಸೋಮಾರಿತನ ಅಂತ ನಮಗೆ ಅನ್ನಿಸಬಹುದು. ಆದರೆ ಆ ಹಾಸಿಗೆ ಸಂಘದ್ದು, ಅಂದರೆ ಇನ್ನೂ ಬರದೆ ಇರುವ ಯಾರದೋ ಭಿಕ್ಖುವಿನದೂ ಹೌದು.

ಗುಡಿಸುವ ಕ್ರಮವೂ ಅಲ್ಲೇ ಇದೆ. ಮೊದಲು ಮೇಲಿನ ಜೇಡರ ಬಲೆ, ಆಮೇಲೆ ಕಿಟಕಿಯ ಮೂಲೆ, ಗೋಡೆಗೆ ಹಿಂಡಿದ ಒದ್ದೆ ಬಟ್ಟೆ, ಧೂಳು ಏಳದಂತೆ ನೆಲಕ್ಕೆ ನೀರು ಚಿಮುಕಿಸಿ ಕೊನೆಗೆ ಪೊರಕೆ. ನಮ್ಮ ತಾಯಂದಿರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಗಂಡಸರು ದಯವಿಟ್ಟು ಎರಡು ಸಲ ಓದಿ. ಭಗವಾನರು ಇದನ್ನು ಹೇಳಿದ್ದು ಗಂಡಸರಿಗೇ.

ಈಗ ಕಷ್ಟದ ಪ್ರಶ್ನೆ. ಕಳೆದ ವಾರದ ಕೂಟದಲ್ಲಿ ಒಬ್ಬ ಯುವಕ ನೇರವಾಗಿ ಕೇಳಿದರು: "ತಲೆತಲಾಂತರದಿಂದ ನಮ್ಮವರ ಕೈಗೆ ಪೊರಕೆ ಕೊಟ್ಟೇ ಕೂರಿಸಿದರು. ಬಾಡಿಗೆ ಕೇಳಲು ಹೋದಾಗ 'ನೀವು ಯಾವ ಜನ?' ಅಂದರು. ನಾವು ಹೋದ ಮೇಲೆ ಗೋಮೂತ್ರ ಚಿಮುಕಿಸುತ್ತಾರೆ. ಅಂಥವರ ಮನೆಯನ್ನು ನಾನ್ಯಾಕೆ ಉಜ್ಜಿ ಕೊಡಲಿ ಸರ್?"

ಈ ಸಿಟ್ಟು ಸುಳ್ಳಲ್ಲ. ಬಾಬಾಸಾಹೇಬರು 1917ರಲ್ಲಿ ವಿದೇಶದ ಓದನ್ನು ಅರ್ಧಕ್ಕೆ ನಿಲ್ಲಿಸಿ ಬರೋಡಾ ಸಂಸ್ಥಾನದ ಕೆಲಸಕ್ಕೆ ಬಂದಾಗ ಊರಲ್ಲಿ ಒಂದು ಕೋಣೆ ಸಿಗಲಿಲ್ಲ. ಪಾರ್ಸಿ ಛತ್ರವೊಂದರಲ್ಲಿ ತಂಗಿದ್ದರು. ಹನ್ನೊಂದನೆಯ ದಿನ ದೊಣ್ಣೆ ಹಿಡಿದ ಗುಂಪು ಬಂದು ಹೊರಹಾಕಿತು. ಎಲ್ಲೂ ಜಾಗ ಸಿಗದೆ ಸಾರ್ವಜನಿಕ ಉದ್ಯಾನದಲ್ಲಿ ಕುಳಿತು ಬೊಂಬಾಯಿಯ ರೈಲಿಗೆ ಕಾದರು. ಹಾಗೆ ಓಡಿಸಲ್ಪಟ್ಟವರಿಗೆ ಗುಡಿಸಿ ಹೋಗಿ ಎಂದು ಹೇಳುವ ಧಮ್ಮ ನಮ್ಮದಲ್ಲ. ಇವತ್ತೂ ಜಾತಿಯ ಕಾರಣಕ್ಕೆ ಯಾರಾದರೂ ನಿಮ್ಮನ್ನು ಮನೆ ಬಿಡಿಸಿದರೆ ಪೊರಕೆ ಹುಡುಕಬೇಡಿ, ಠಾಣೆಗೆ ಹೋಗಿ. ಪರಿಶಿಷ್ಟರನ್ನು ವಾಸದ ಮನೆಯಿಂದ ಬಲವಂತವಾಗಿ ಬಿಡಿಸುವುದು 1989ರ ದೌರ್ಜನ್ಯ ತಡೆ ಕಾಯ್ದೆಯಡಿ ಅಪರಾಧ. ಬಳಗಕ್ಕೂ ಫೋನ್ ಮಾಡಿ, ಜೊತೆಗೆ ಬರುತ್ತೇವೆ.

ಆದರೆ ನಾವಾಗಿ ಬಿಡುವ ಮನೆ ಬೇರೆ. ಅಲ್ಲಿರುವುದು ನಮ್ಮದೇ ಒಗ್ಗರಣೆಯ ಜಿಡ್ಡು, ನಮ್ಮದೇ ತಲೆಗೂದಲು. ಇನ್ನೊಬ್ಬರ ಹೊಲಸನ್ನು ಹುಟ್ಟಿನ ಕಾರಣಕ್ಕೆ ಹೊರುವುದು ಗುಲಾಮಗಿರಿ, ಅದನ್ನು ಪುಣ್ಯದ ಕೆಲಸ ಎಂದು ಹೊಗಳಿದವರನ್ನು ಬಾಬಾಸಾಹೇಬರು ಬಿಡಲಿಲ್ಲ. ತನ್ನ ಹೊಲಸನ್ನು ಇನ್ನೊಬ್ಬರ ತಲೆಗೆ ಕಟ್ಟುವುದೇ ಆ ಗುಲಾಮಗಿರಿಯ ಇನ್ನೊಂದು ತುದಿ. ನಾವು ಮೊದಲನೆಯದನ್ನು ಬಿಟ್ಟು ಬಂದದ್ದು ಎರಡನೆಯದರಲ್ಲಿ ಕೂರಲಿಕ್ಕಲ್ಲ.

ಸಂಘದಲ್ಲಿ ಏನಾಯಿತು ನೋಡಿ. 'ಬುದ್ಧ ಮತ್ತು ಅವರ ಧಮ್ಮ'ದಲ್ಲಿ ಬಾಬಾಸಾಹೇಬರು ರಾಜಗೃಹದ ಜಾಡಮಾಲಿ ಸುನೀತನ ದೀಕ್ಷೆಯನ್ನು ಹೇಳುತ್ತಾರೆ. ಸುನೀತ ಭಿಕ್ಖುವಾದ, ಶಾಕ್ಯ ಕುಲದ ಅನುರುದ್ಧನೂ ಭಿಕ್ಖುವಾದ. ವಿಹಾರ ಗುಡಿಸುವ ನಿಯಮ ಇಬ್ಬರಿಗೂ ಒಂದೇ. ಮಹಾವಗ್ಗದಲ್ಲಿ ಇನ್ನೊಂದು ಪ್ರಸಂಗ: ಭೇದಿಯಾಗಿ ತನ್ನದೇ ಮಲಮೂತ್ರದಲ್ಲಿ ಬಿದ್ದಿದ್ದ ಭಿಕ್ಖುವೊಬ್ಬನನ್ನು ಭಗವಾನರು ಕಂಡರು. ಆನಂದರಿಂದ ನೀರು ತರಿಸಿ, ತಾವು ನೀರು ಸುರಿದರು, ಆನಂದರು ತೊಳೆದರು. ಸುನೀತನನ್ನು ಕರೆಯಿರಿ ಅನ್ನಲಿಲ್ಲ.

ಆ ಯುವಕರಿಗೆ ನಾನು ಕೊಟ್ಟ ಉತ್ತರವೂ ಇದೇ ದಾರಿಯದು. ಸಿಟ್ಟಿನಿಂದ ಕಸ ಬಿಟ್ಟು ಹೋದರೆ ಅದನ್ನು ಮಾಲೀಕರು ಎತ್ತುತ್ತಾರೆಯೇ? ಮುನ್ನೂರೋ ಐನೂರೋ ಕೊಟ್ಟು ಒಬ್ಬ ಹೆಣ್ಣುಮಗಳನ್ನು ಕರೆಸುತ್ತಾರೆ. ಅವಳು ಯಾವ ಕೇರಿಯಿಂದ ಬರುತ್ತಾಳೆ ಎಂಬುದು ನಿಮಗೂ ಗೊತ್ತು, ನನಗೂ ಗೊತ್ತು. ನಮ್ಮ ಸೇಡು ನಮ್ಮ ಅಕ್ಕನ ಬೆನ್ನ ಮೇಲೆ ಹೋಗಿ ಕೂರುತ್ತದೆ.

ಹಾಗೆಂದು ಮಾಲೀಕರಿಂದ 'ನಿಮ್ಮವರಾದರೂ ಎಷ್ಟು ಚೊಕ್ಕ' ಅನ್ನಿಸಿಕೊಳ್ಳಲು ಮೊಣಕಾಲೂರಿ ಉಜ್ಜುವುದೂ ಬೇಡ. ಆ ಸರ್ಟಿಫಿಕೇಟು ಅವಮಾನವೇ. ಗೋಮೂತ್ರ ಹಾಕುವವರು ಅಮೃತಶಿಲೆಯಂತೆ ಮಾಡಿಕೊಟ್ಟರೂ ಹಾಕುತ್ತಾರೆ, ಅದು ಅವರ ಮನಸ್ಸಿನ ಕೊಳೆ. ನಾವು ಗುಡಿಸುವುದು ಮುಂದೆ ಆ ಅಡುಗೆಮನೆಯಲ್ಲಿ ಹಾಲು ಕಾಯಿಸುವವರಿಗಾಗಿ.

ಇನ್ನು ಕೈಗೆ ಹತ್ತುವ ನಾಲ್ಕು ಮಾತು. ಜಿಡ್ಡಿಗೆ ಬಿಸಿನೀರು, ವಾಷಿಂಗ್ ಸೋಡಾ ಸಾಕು. ಬಚ್ಚಲಿಗೆ ಆಸಿಡ್ ಹಾಕಿದ ಜಾಗಕ್ಕೆ ಬ್ಲೀಚಿಂಗ್ ಪೌಡರ್ ಹಾಕಲೇಬೇಡಿ, ಎರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ, ಶ್ವಾಸಕೋಶಕ್ಕೆ ಪೆಟ್ಟು. ಒಡೆದ ಗಾಜನ್ನು ದಪ್ಪ ಪೇಪರಿನಲ್ಲಿ ಸುತ್ತಿ, ಪ್ಯಾಡ್ ಡಯಾಪರ್‌ಗಳನ್ನು ಬೇರೆ ಕಟ್ಟಿ, ಪೌರಕಾರ್ಮಿಕರ ಕೈಗೆ ಹೇಳಿ ಕೊಡಿ. ಹಳೇ ಹಾಸಿಗೆಯನ್ನು ರಾತ್ರೋರಾತ್ರಿ ಖಾಲಿ ಸೈಟಿಗೆ ಎಸೆಯುವ ಪದ್ಧತಿ ನಮ್ಮವರಲ್ಲೂ ಇದೆ, ಬೇಸರದಿಂದಲೇ ಹೇಳುತ್ತಿದ್ದೇನೆ. ಪಿಟ್ ಕಟ್ಟಿಕೊಂಡಿದ್ದರೆ ಯಂತ್ರದ ಗಾಡಿಯನ್ನೇ ಕರೆಸಿ. ಮನುಷ್ಯರನ್ನು ಗುಂಡಿಗೆ ಇಳಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ. ಮಾಲೀಕರು ಇಳಿಸಲು ಹೊರಟರೆ ತಡೆಯಬೇಕಾದವರು ನಾವೇ.

ಶೀಲದ ಮಾತೂ ಇಲ್ಲಿ ಬರುತ್ತದೆ. ಬರುವಾಗ ಇದ್ದ ಬಲ್ಬು, ನಲ್ಲಿ, ಹೋಗುವಾಗಲೂ ಇರಲಿ, ಕೊಡದ್ದನ್ನು ಒಯ್ಯುವುದು ಎರಡನೆಯ ಶೀಲದ ಭಂಗ. ಬಿರುಕು ಬಿಟ್ಟ ಟೈಲ್ಸ್ ಮೇಲೆ ಡೋರ್‌ಮ್ಯಾಟ್ ಎಳೆಯಬೇಡಿ, ಅದು ನಾಲ್ಕನೆಯದು. ಈ ಶೀಲಗಳು ಮಾಲೀಕರಿಗೂ ಅನ್ವಯಿಸಬೇಕು, ಆದರೆ ಅವರು ಪಾಲಿಸುತ್ತಾರೆಂದು ನಂಬಿ ಕೂರಬೇಡಿ. ಸ್ವಚ್ಛ ಮಾಡಿದ ಪ್ರತಿ ಕೋಣೆಯ ವಿಡಿಯೊ ತೆಗೆಯಿರಿ, ಕರೆಂಟ್ ಮೀಟರಿನ ಫೋಟೊ ತೆಗೆಯಿರಿ. ಪೇಂಟಿಂಗಿಗೆ ಎಷ್ಟು ಹಿಡಿಯಬಹುದೆಂದು ಅಗ್ರಿಮೆಂಟಿನಲ್ಲಿ ಬರೆದಿದೆಯೋ ಅಷ್ಟಕ್ಕೆ ಮಾತ್ರ ಒಪ್ಪಿ. ಅಡ್ವಾನ್ಸ್ ಉಳಿಸಿಕೊಂಡರೆ ಎಷ್ಟು, ಯಾವುದಕ್ಕೆ ಎಂದು ಬರೆಸಿಕೊಳ್ಳಿ. ಬಾಬಾಸಾಹೇಬರ ಮಕ್ಕಳು ಬಾಯಿಮಾತಿನ ಲೆಕ್ಕ ಒಪ್ಪಬಾರದು.

ಬುದ್ಧ, ಬಾಬಾಸಾಹೇಬರ ಫೋಟೊ ಕೊನೆಗೆ ಇಳಿಸಿ, ಬೇರೆ ಚೀಲದಲ್ಲಿ ಬಟ್ಟೆ ಸುತ್ತಿ ಕೈಯಲ್ಲೇ ಹಿಡಿದುಕೊಳ್ಳಿ, ಲಾರಿಗೆ ಹಾಕಬೇಡಿ. ಮೊಳೆಯ ತೂತಿಗೆ ಒಂದು ಚಿಟಿಕೆ ವೈಟ್ ಸಿಮೆಂಟ್ ಕಲಸಿ ತುಂಬಿ. ಪಕ್ಕದ ಮನೆಯವರಿಗೆ ಹೇಳಿ ಹೊರಡಿ. ಆಷಾಢ ಬರುತ್ತದೆ, ಬೇಗ ಮಾಡಿ ಎಂದು ಯಾರಾದರೂ ಅವಸರ ಮಾಡಿದರೆ ನಕ್ಕುಬಿಡಿ. ನಮಗೆ ಆಷಾಢ ಹುಣ್ಣಿಮೆ ಭಗವಾನರು ಮೊದಲ ಉಪದೇಶ ಕೊಟ್ಟ ದಿನ.

ಈ ಭಾನುವಾರ ಸಾಮಾನು ಸಾಗಿಸುವ ಮೂರು ಮನೆಗಳಿಗೂ ಕೈ ಬೇಕಿದೆ. ಬರುವವರು ಇವತ್ತು ಸಂಜೆಯೊಳಗೆ ಗುಂಪಿನಲ್ಲಿ ಹೆಸರು ಹಾಕಿ. ಪೊರಕೆ, ಬಕೆಟ್ ಮನೆಯಿಂದಲೇ ತನ್ನಿ.

ಜೈ ಭೀಮ್. ನಮೋ ಬುದ್ಧಾಯ.