ಕನ್ನಡದ ಲೆಕ್ಕಕ್ಕೆ ಬರೆದ ಖರ್ಚು

ಬೇಕು ಅನ್ನಿಸಿದ್ದನ್ನು ಬೇಕು ಅಂತಲೇ ಒಪ್ಪಿಕೊಂಡು ಕೊಳ್ಳುವುದು ನಮ್ಮಂಥ ಹೊರನಾಡಿನವರಿಗೆ ಬಹಳ ಕಷ್ಟ. ಸಂಬಳಕ್ಕಾಗಿ ಊರು ಬಿಟ್ಟು ಬಂದವರು ನೋಡಿ, ಪ್ರತಿ ರೂಪಾಯಿಯೂ ಒಂದು ಸಮಜಾಯಿಷಿ ಕೇಳುತ್ತದೆ. ಫ್ರಿಜ್ಜು ಕೊಂಡರೆ ಊರಿನಿಂದ ಬರುವ ಅಮ್ಮನಿಗೆ, ದೊಡ್ಡ ಟೀವಿ ಕೊಂಡರೆ ಕನ್ನಡ ಚಾನೆಲ್ಲಿಗೆ. ಹಾಗಾದರೆ ಕಂಪ್ಯೂಟರ್ ಆಟದ ಗ್ರಾಫಿಕ್ಸ್ ಕಾರ್ಡು ಯಾರಿಗಾಗಿ?

ಈ ಪ್ರಶ್ನೆ ನಮ್ಮ ಡೊಂಬಿವಲಿಯ ಮನೆಗೆ ಬಂದದ್ದು 2024ರಲ್ಲಿ. ಇಂಜಿನಿಯರಿಂಗ್ ಎರಡನೇ ವರ್ಷದಲ್ಲಿದ್ದ ಮಗನ ಹತ್ತಿರ ಇದ್ದದ್ದು ಜಿಟಿಎಕ್ಸ್ 1060, 2016ರಲ್ಲಿ ಬಂದ ಕಾರ್ಡು. ಬದಲಿಸಬೇಕು ಅಂದ. ಟ್ಯೂಶನ್ ಹೇಳಿ ಅರ್ಧ ದುಡ್ಡು ಕೂಡಿಸಿದ್ದ, ಉಳಿದರ್ಧ ನನ್ನದು. ಆ ಅರ್ಧವೇ ನಮ್ಮ ತಿಂಗಳ ದಿನಸಿಗಿಂತ ಹೆಚ್ಚು.

ಕಾರಣವೇನೋ ನನಗೆ ಸಿದ್ಧವಾಗಿಯೇ ಸಿಕ್ಕಿತು. ರಾತ್ರಿ ಹೊತ್ತು ಅವನು ಧಾರವಾಡದಲ್ಲಿರುವ ನನ್ನ ತಂಗಿಯ ಮಗನ ಜೊತೆ ವ್ಯಾಲರಂಟ್ ಆಡುತ್ತಿದ್ದ. ಕಿವಿಗೆ ಹೆಡ್‌ಫೋನು, ಬಾಯಲ್ಲಿ ಅಪ್ಪಟ ಧಾರವಾಡ: “ಲೇ, ಗ್ವಾಡಿ ಹಿಂದ ಅದಾನ, ಬಗ್ಗಲೇ!” ಕಾಲೇಜಿನಲ್ಲಿ ಹಿಂದಿ, ಬಿಲ್ಡಿಂಗಿನಲ್ಲಿ ಮರಾಠಿ, ನನ್ನ ಜೊತೆ ಎರಡೇ ಮಾತಿನ ಕನ್ನಡ ಆಡುವ ಹುಡುಗ ಅಲ್ಲಿ ಮಾತ್ರ ಕನ್ನಡದಲ್ಲಿ ಬೈಯುತ್ತಿದ್ದ, ಜಗಳಾಡುತ್ತಿದ್ದ. ಊರಲ್ಲಿರುವ ನಿಮಗೆ ಇದರ ಬೆಲೆ ಗೊತ್ತಾಗಲಿಕ್ಕಿಲ್ಲ. ಕಾರ್ಡು ಕನ್ನಡಕ್ಕಾಗಿ ಅಂತ ಲೆಕ್ಕ ಬರೆದರೆ ಮುಗಿಯಿತಲ್ಲ!

ಆದರೆ ಆ ಲೆಕ್ಕ ಕೂಡಲಿಲ್ಲ. ವ್ಯಾಲರಂಟ್ ಹಗುರ ಆಟ; ಹಳೇ ಕಾರ್ಡಿನಲ್ಲೇ ಸಲೀಸಾಗಿ ಓಡುತ್ತಿತ್ತು. ಕಾರ್ಡಿನ ಕೆಲಸ ತೆರೆಯ ಮೇಲೆ ಚಿತ್ರ ಬರೆಯುವುದು; ಧಾರವಾಡದ ದನಿ ಬರುವುದು ಅದರ ಮೂಲಕವಲ್ಲ. ಹೊಸದು ಬೇಕಿದ್ದದ್ದು ಸೈಬರ್‌ಪಂಕ್ 2077ರಂಥ ಆಟಕ್ಕೆ. 2023ರಲ್ಲಿ ಅದರ ಹೊಸ ಆವೃತ್ತಿ ಬಂದ ಮೇಲೆ 1060 ಅನ್ನುವುದು ಕನಿಷ್ಠದ ಕಾರ್ಡು, ಅಂದರೆ ಕುಂಟುತ್ತಾ ನಡೆದೀತು ಅಷ್ಟೆ. ಅದು ಒಬ್ಬನೇ ಕೂತು ಆಡುವ ಆಟ, ಅದೂ ಇಂಗ್ಲಿಷಿನಲ್ಲಿ. ಅಲ್ಲಿ ಧಾರವಾಡವೂ ಇಲ್ಲ, ತಂಗಿಯ ಮಗನೂ ಇಲ್ಲ.

ಲೆಕ್ಕ ಕೂಡದಿದ್ದರೆ ನಕ್ಕು ಬಿಡಬಹುದು. ನನಗೆ ಹೆದರಿಕೆಯಾದದ್ದು ಮುಂದಿನದಕ್ಕೆ. ಆಸೆಗೆ ಕನ್ನಡದ ಶಾಲು ಹೊದಿಸಿ ಕೊಡಿಸಿದೆ ಅಂತಿಟ್ಟುಕೊಳ್ಳಿ. ಅವನು ಬಾಗಿಲು ಹಾಕಿಕೊಂಡು ಒಬ್ಬನೇ ಆಡಿದ ದಿನ ನನ್ನ ಬಾಯಿಂದ ಏನು ಬರುತ್ತೆ? “ಇದಕ್ಕೇನೋ ಕೊಡಿಸಿದ್ದು?” ಅಲ್ಲಿಗೆ ಮಗ ಕನ್ನಡ ಮಾತಾಡುವುದು ಕಂತು ಕಟ್ಟಿದ ಹಾಗಾಯಿತು. ಯಾರೂ ಹೇಳದೆ ತಾನಾಗಿ ಬರುವ ಆ ಬೈಗುಳ ಸಾಲದ ಬಾಬ್ತಾಯಿತು. ನಮ್ಮ ಹೊರನಾಡ ಸಂಘಗಳ ಸ್ಪರ್ಧೆಗಳಲ್ಲಿ ಬಹುಮಾನದ ಆಸೆಗೆ ಬಾಯಿಪಾಠ ಒಪ್ಪಿಸುವ ಕೂಸುಗಳನ್ನು ನೋಡಿದಾಗಲೂ ನನಗೆ ಹೀಗೇ ಅನ್ನಿಸುವುದುಂಟು. ಇರಲಿ.

ಹಾಗಂತ ಬೇಡ ಅನ್ನಬೇಕೆ? ಆಟದ ಸುಖಕ್ಕೆ ಆಟದ ಸುಖವೇ ಕಾರಣ ಸಾಲದೆ? ಜಾತ್ರೆಯಲ್ಲಿ ನಮ್ಮಪ್ಪ ನನ್ನನ್ನು ತೊಟ್ಟಿಲು ಹತ್ತಿಸಿದಾಗ ಇದರಿಂದ ಏನು ಕಲಿತೆ ಅಂತ ಕೇಳಲಿಲ್ಲ. ಜೇಬಿನಲ್ಲಿ ಎಷ್ಟಿದೆ ಅಂತ ಮಾತ್ರ ನೋಡಿದ. ಆಸೆಯನ್ನು ಆಸೆ ಅಂತಲೇ ಕರೆದರೆ ಅದೊಂದು ಅನುಕೂಲ, ಮಿತಿ ಹಾಕಬಹುದು. ಕನ್ನಡದ ಹೆಸರು ಹೇಳಿದರೆ ಎಷ್ಟು ಖರ್ಚು ಮಾಡಿದರೂ ಕಡಿಮೆಯೇ ಅಲ್ಲವೆ!

ಆಮೇಲೆ ಮಾತು ಸುಲಭವಾಯಿತು. ದಾದರಿನಲ್ಲಿ ಗಾಡಿ ಬದಲಿಸಿ, ಗ್ರ್ಯಾಂಟ್ ರೋಡಿನಲ್ಲಿ ಇಳಿದು, ಲ್ಯಾಮಿಂಗ್ಟನ್ ರೋಡಿನ ಅಂಗಡಿ ಸಾಲು ಅಲೆದೆವು. ಸೆಕೆಂಡ್‌ಹ್ಯಾಂಡ್ 3060 ಇತ್ತು, 12 ಜಿಬಿ ಮೆಮೊರಿಯದು. ಆದರೆ 2022ರ ಸೆಪ್ಟೆಂಬರಿನಲ್ಲಿ ಈಥೀರಿಯಂ ಮೈನಿಂಗ್ ನಿಂತ ಮೇಲೆ, ಹಗಲೂ ರಾತ್ರಿ ದುಡಿದು ಸವೆದ ಕಾರ್ಡುಗಳೂ ಹಳೇ ಮಾಲಿನಲ್ಲಿ ಸೇರಿಕೊಂಡಿದ್ದವು. ಗುರುತು ಹಿಡಿಯುವುದು ಹೇಗೆ? 8 ಜಿಬಿಯ ಹೊಸ 4060 ತಗೊಂಡೆವು. ಅದು ಎಳೆಯುವ ಕರೆಂಟು 115 ವ್ಯಾಟ್, ಹಳೆಯದಕ್ಕಿಂತ 5 ಕಡಿಮೆಯೇ; ಎಸ್‌ಎಂಪಿಎಸ್ ಬದಲಿಸುವ ಖರ್ಚು ತಪ್ಪಿತು. ನಾನು ಷರತ್ತು ಏನೂ ಹಾಕಲಿಲ್ಲ. ಮಾನಿಟರು ಮಾತ್ರ ಹಳೆಯದೇ, ಸೆಕೆಂಡಿಗೆ 60 ಚಿತ್ರ ತೋರಿಸುವಂಥದು. ಕಾರ್ಡು 100 ಬರೆದರೂ ಕಣ್ಣಿಗೆ ಬೀಳುವುದು 60. ಮುಂದಿನ ಅರ್ಜಿ ಅದರದೇ ಅಂತ ಗಾಡಿಯಲ್ಲಿ ವಾಪಸು ಬರುವಾಗಲೇ ಸೂಚನೆ ಸಿಕ್ಕಿತು.