ಪಂದ್ಯದ ಕಾಲಾವಧಿಯೂ ಆಟಗಾರನ ಸತ್ಯವೂ

ಒಂದು ಪಂದ್ಯವು ಎಷ್ಟು ಹೊತ್ತು ನಡೆಯುವುದೆಂದು ಮುಂಚಿತವಾಗಿ ಹೇಳಬಹುದೆ? ಈ ಪ್ರಶ್ನೆಯು ಮೇಲುನೋಟಕ್ಕೆ ಹುಡುಗರ ಹರಟೆಯಂತೆ ತೋರುವುದು. ವಿಚಾರಿಸಿ ನೋಡಿದರೆ ಇದರಲ್ಲಿ ಜ್ಞಾನದ ವಿಷಯವೊಂದು, ಧರ್ಮದ ವಿಷಯವೊಂದು ಅಡಗಿರುವುವು.

ಈಗಿನ ಗಣಕಯಂತ್ರದ ಕ್ರೀಡೆಗಳನ್ನೇ ತೆಗೆದುಕೊಳ್ಳೋಣ. ‘ಲೀಗ್ ಆಫ್ ಲೆಜೆಂಡ್ಸ್’, ‘ಡೋಟಾ 2’ ಎಂಬಿವು 2023ರಲ್ಲಿ ಚೀನದ ಹಾಂಗ್‌ಝೌ ನಗರದಲ್ಲಿ ಜರುಗಿದ ಏಷ್ಯನ್ ಕ್ರೀಡೆಗಳಲ್ಲಿ ಪದಕದ ಸ್ಪರ್ಧೆಗಳೇ ಆಗಿದ್ದುವು. ಪಕ್ಷಕ್ಕೆ ಐವರಂತೆ ಆಡತಕ್ಕ ಈ ಆಟಗಳಿಗೆ ಗಡಿಯಾರದ ಕಟ್ಟಿಲ್ಲ. ಎದುರಾಳಿಯ ಮೂಲಸ್ಥಾನವು ಉರುಳಿದಾಗಲೇ ಮುಗಿಯುವುವು. ಬಹುಮಟ್ಟಿಗೆ ಅರ್ಧ ಮುಕ್ಕಾಲು ಗಂಟೆಯಲ್ಲಿ ತೀರುವ ಇಂಥ ಪಂದ್ಯಗಳಲ್ಲಿ ಒಂದು, 2018ರಲ್ಲಿ ದಕ್ಷಿಣ ಕೊರಿಯದಲ್ಲಿ, 94 ನಿಮಿಷಗಳನ್ನೂ ಮೀರಿ ನಡೆಯಿತು.

ಬಲ್ಲವರು ಊಹಿಸುವ ಕ್ರಮವು ಹೀಗಿದೆ. ಆರಂಭದಲ್ಲಿಯೇ ಬಲಿಷ್ಠವಾದ ಪಾತ್ರಗಳನ್ನು ಆರಿಸಿಕೊಂಡ ಪಕ್ಷವು ಬೇಗ ಮುಗಿಸಲು ಯತ್ನಿಸುವುದು. ನಿಧಾನವಾಗಿ ಬಲಿಯುವ ಪಾತ್ರಗಳ ಪಕ್ಷವು ತಡೆದು ಕಾಯುವುದು. ಒಬ್ಬರ ಚಿನ್ನದ ಗಳಿಕೆಯು ಬಹಳ ಮುಂದಾದರೆ ಅಂತ್ಯವು ಸಮೀಪಿಸಿತೆಂದು ಎಣಿಸಬಹುದು. ಹೊಗೆಯಿಂದ ಬೆಂಕಿಯನ್ನು ಅನುಮಿಸುವ ನೈಯಾಯಿಕನಿಗೆ ತಪ್ಪದ ವ್ಯಾಪ್ತಿಯ ಬೆಂಬಲವುಂಟು. ಇಲ್ಲಿ ಅಂತಹ ವ್ಯಾಪ್ತಿಯಿಲ್ಲ. ನೂರು ಪಂದ್ಯಗಳ ಸರಾಸರಿಯು ನೂರೊಂದನೆಯದನ್ನು ಕಟ್ಟಿಹಾಕಲಾರದು. ಒಂದು ಕೋಟಿಯು ಪ್ರಬಲವಾದ ಸಂಶಯಕ್ಕೆ ಶಾಸ್ತ್ರಕಾರರು ಸಂಭಾವನೆಯೆಂದು ಹೆಸರಿಟ್ಟಿರುವರು. ಈ ಊಹೆಯು ಅದೇ. ಸಂಭಾವನೆಯನ್ನು ಸಂಭಾವನೆಯೆಂದೇ ಹೇಳುವವನು ಪ್ರಾಮಾಣಿಕನು. ನಿಶ್ಚಯವೆಂದು ಮಾರುವವನು ವಂಚಕನು.

ಇನ್ನು ಧರ್ಮದ ಮಾತು. ಗೆಲ್ಲುವವರು ಯಾರೆಂಬುದರ ಮೇಲಲ್ಲದೆ, ಪಂದ್ಯವು ಇಂತಿಷ್ಟು ನಿಮಿಷಗಳನ್ನು ಮೀರುವುದೋ ಇಲ್ಲವೋ ಎಂಬುದರ ಮೇಲೂ ಪಣವೊಡ್ಡುವವರುಂಟು. ಆಟಗಾರನೊಬ್ಬನು ಹಣದಾಸೆಯಿಂದ, ಕೈಗೆ ಬಂದಿದ್ದ ಗೆಲುವನ್ನು ಬೇಕೆಂದೇ ಹತ್ತು ನಿಮಿಷ ತಡೆದನೆಂದುಕೊಳ್ಳೋಣ. ಆತನು, “ಗೆಲ್ಲತಕ್ಕವರೇ ಗೆದ್ದರು, ಹಣ ಕಳೆದುಕೊಂಡವರು ಜೂಜುಗಾರರು, ಇದರಲ್ಲಿ ಯಾರಿಗೆ ಅನ್ಯಾಯವಾಯಿತು?” ಎಂದು ಕೇಳಬಹುದು. ಈ ಪೂರ್ವಪಕ್ಷವು ದುರ್ಬಲವಾದುದಲ್ಲ.

ಇದಕ್ಕೆ ನಮ್ಮ ಉತ್ತರವಿದು. ಜೂಜುಗಾರನ ನಷ್ಟವನ್ನು ಬದಿಗಿಡೋಣ. ಆ ಹತ್ತು ನಿಮಿಷಗಳ ಕಾಲ ಆತನ ನಾಲ್ವರು ಸಂಗಡಿಗರು ತಮಗೆ ತಿಳಿಯದೆಯೇ ಸೋಲಿನ ಅಪಾಯದಲ್ಲಿ ನಿಂತಿದ್ದರು. ಆತನು ಮಾರಿದ್ದು ಅವರ ಶ್ರಮವನ್ನು. ಇದಕ್ಕೂ ಮಿಗಿಲಾಗಿ, ಇಬ್ಬದಿಯವರೂ ಪ್ರತಿಕ್ಷಣವೂ ಮನಃಪೂರ್ವಕವಾಗಿ ಆಡುತ್ತಿರುವರೆಂಬ ನಂಬಿಕೆಯೇ ನೋಡುವವನ ಸಂತೋಷಕ್ಕೂ ಬಲ್ಲವನ ಊಹೆಗೂ ಆಧಾರವು. ಆ ಆಧಾರವು ಕುಸಿದರೆ ಆಟದಲ್ಲಿ ತಿಳಿಯತಕ್ಕದ್ದೇನೂ ಉಳಿಯದು. ಫಲವು ಬದಲಾಗದಿದ್ದರೂ ದೋಷವು ದೋಷವೇ. 2010ರ ಆಗಸ್ಟಿನಲ್ಲಿ ಲಾರ್ಡ್ಸ್ ಮೈದಾನದಲ್ಲಿ ಪಾಕಿಸ್ತಾನದ ಬೌಲರುಗಳು ಮುಂದಾಗಿಯೇ ಗೊತ್ತುಮಾಡಿದ ನೋಬಾಲುಗಳನ್ನು ಎಸೆದರು. ಒಂದು ನೋಬಾಲಿನಿಂದ ಟೆಸ್ಟ್ ಪಂದ್ಯದ ಗತಿ ಎಷ್ಟು ತಿರುಗೀತು? ಆದರೂ 2011ರಲ್ಲಿ ಲಂಡನ್ನಿನ ನ್ಯಾಯಾಲಯವು ಆ ತಂಡದ ಮೂವರನ್ನು ಸೆರೆಮನೆಗೆ ಕಳುಹಿಸಿತು.

ನಮ್ಮ ಸಂಸತ್ತು 2025ರಲ್ಲಿ ಮಾಡಿದ ಶಾಸನವು ಹಣವೊಡ್ಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ, ಇ-ಕ್ರೀಡೆಯನ್ನು ಬೇರೆಯಾಗಿ ಮನ್ನಿಸಿತು. ಈ ವಿವೇಚನೆಯು ಯುಕ್ತವಾದುದು. ಆದರೆ ಶಾಸನವು ಅಂಗಡಿಯ ಬಾಗಿಲನ್ನು ಮುಚ್ಚಬಲ್ಲುದಲ್ಲದೆ ಆಟಗಾರನ ಅಂತಃಕರಣವನ್ನು ಕಾಯಲಾರದು.

ಮೊನ್ನೆ ಇಂತಹ ಪಂದ್ಯವೊಂದನ್ನು ನೋಡುತ್ತಿದ್ದ ನನ್ನ ಮೊಮ್ಮಗನು, “ಅಜ್ಜ, ಇನ್ನು ಐದೇ ನಿಮಿಷ” ಎಂದನು. ಅದು ಮತ್ತೂ ಅರ್ಧ ಗಂಟೆ ನಡೆಯಿತು. ಊಹೆ ತಪ್ಪಿದುದಕ್ಕೆ ಅವನು ಮುಖ ಬಾಡಿಸಲಿಲ್ಲ. ಸೋಲುತ್ತಿದ್ದವರು ಹೇಗೆ ತಡೆದು ನಿಂತರೆಂಬುದನ್ನು ಊಟಕ್ಕೆ ಕುಳಿತಾಗಲೂ ವರ್ಣಿಸುತ್ತಿದ್ದನು. ಒಂದು ಕಾಸನ್ನು ಒಡ್ಡಿದ್ದರೂ ಆ ಅರ್ಧ ಗಂಟೆಯು ಅವನಿಗೆ ಸಂಕಟವಾಗುತ್ತಿದ್ದಿತು.